ಸಿಇಟಿ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ, ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ಹುಡುಕುತ್ತಿರುವವರೆಲ್ಲ ಓದಿ. ನಗೋದಾದರೆ ನಗಿ, ಆದರೆ ಓದಿ.

ಊರಲ್ಲೇ ಒಂದು 'ಅಡ್ಮಿಷನ್ ಗೈಡೆನ್ಸ್' ಆಫೀಸು. ಅಪ್ಪನನ್ನು ಎಳೆದುಕೊಂಡು ಹೋಗಿದ್ದೂ ನಾನೇ. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತೆ. ಎಸಿ ರೂಮು, ಗೋಡೆ ತುಂಬ ಕಾಲೇಜುಗಳ ಫೋಟೊ, ಕೈಗೊಂದು ಲೋಟ ಬಾದಾಮಿ ಹಾಲು. ಆ ಲೋಟದ ರೇಟು 3,000 ರೂಪಾಯಿ ಅಂತ ಆಮೇಲೆ ಗೊತ್ತಾಯಿತು.

ಪಿಯುಸಿ ಅಂಕ ಅರ್ಧ, ಸಿಇಟಿಯ 180 ಅಂಕ ಅರ್ಧ ಅಂತ ರ‍್ಯಾಂಕ್ ಲೆಕ್ಕ ಹಾಕಲು ಬರುವ ಹುಡುಗಿ ನಾನು. ಉಳಿದದ್ದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಲ್ಲಿ ಹಾಕೋದು. 'ಅದು ನಿನ್ನ ಕೈಲಾಗಲ್ಲಮ್ಮ, ನಮಗೆ ಬಿಡು' ಅಂದರು. ಬಿಟ್ಟೆ! ಪಾಸ್‌ವರ್ಡ್ ಬರೆದುಕೊಟ್ಟೆ. ಒಟಿಪಿ ಬಂತು, ಅದನ್ನೂ ಕ್ಲಾಸಲ್ಲಿ ಪದ್ಯ ಓದಿದ ಹಾಗೆ ಗಟ್ಟಿಯಾಗಿ ಓದಿ ಹೇಳಿದೆ. ನಾನು ಕೇಳಿದ್ದು ಒಂದೇ, ಮೊದಲು ಯುಬಿಡಿಟಿ ಕಂಪ್ಯೂಟರ್ ಸೈನ್ಸ್ ಹಾಕಿ ಅಂತ. 1951ರಿಂದ ಇರುವ ಕಾಲೇಜು, ಮನೆಯಿಂದ ಸೈಕಲ್ ದೂರ. ತಲೆ ಆಡಿಸಿದರು.

ನಿಜವಾದ ಸೀಟು ಹಂಚಿಕೆಗೆ ಮುಂಚೆ ಮಾಕ್ ಅಂತ ಒಂದು ಅಣಕು ಹಂಚಿಕೆ ಇರುತ್ತೆ. ಆ ಮಾಕ್ ರಿಸಲ್ಟ್ ದಿನ ಬೆಣ್ಣೆದೋಸೆ ಮುಂದಿಟ್ಟುಕೊಂಡು ಮೊಬೈಲ್ ತೆಗೆದೆ. ಬೆಂಗಳೂರಿನ ಆಚೆ ಯಾವುದೋ ಕಾಲೇಜು. ಹೆಸರೇ ಕೇಳಿಲ್ಲ. ಗೆಳತಿ 'ಲಿಸ್ಟ್ ನೋಡೇ' ಅಂದಳು. ಮೊದಲ ಆರು ಆಪ್ಷನ್ನೂ ಅದೇ ಕಾಲೇಜಿನ ಆರು ಬ್ರಾಂಚು. ಯುಬಿಡಿಟಿ ಎಲ್ಲಿ? 41ನೇದು. ನಲವತ್ತೊಂದು! ಲಿಸ್ಟಲ್ಲಿ ಮೇಲಿಂದ ನೋಡ್ತಾ ಬಂದು ನಮ್ಮ ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನೇ ಕೊಡೋದು ಅಲ್ವಾ? ಇನ್ನು 41ರ ತನಕ ಯಾಕೆ ಇಳಿಯುತ್ತೆ? ದೋಸೆ ಮೇಲಿನ ಬೆಣ್ಣೆ ಕರಗಿ ತಟ್ಟೆ ಅಂಚಿಗೆ ಹರಿಯಿತು. ನಾನು ಆ 41 ನೋಡುತ್ತಲೇ ಕೂತಿದ್ದೆ.

ಫೋನ್ ಮಾಡಿದೆ. 'ಸರ್ವರ್ ಪ್ರಾಬ್ಲಮ್ ಅಮ್ಮ.' ಸರ್ವರ್ರೇ ಕೂತು ಆರು ಬ್ರಾಂಚ್ ಟೈಪ್ ಮಾಡಿತಾ? 'ಅಲ್ಲಿ ಪ್ಲೇಸ್‌ಮೆಂಟ್ ಜಾಸ್ತಿ.' ದುಡ್ಡು ವಾಪಸ್ ಕೊಡಿ ಅಂದೆ. 'ನೀನು ಚಿಕ್ಕವಳು, ಅಪ್ಪನಿಗೆ ಫೋನ್ ಕೊಡು.' ಒಟಿಪಿ ಕೇಳುವಾಗ ನಾನು ಚಿಕ್ಕವಳಾಗಿರಲಿಲ್ಲ! ಅಪ್ಪ ಮಾಡಿದರೆ ಫೋನ್ ಎತ್ತಲೇ ಇಲ್ಲ.

ಮಾಕ್ ಆದಮೇಲೆ ಲಿಸ್ಟ್ ಬದಲಿಸಲು ಬಿಡುತ್ತಾರೆ, ಅಷ್ಟರಲ್ಲಿ ಬಚಾವಾದೆ. ಪಾಸ್‌ವರ್ಡ್ ಬದಲಿಸಿ ನಾನೇ ಕೂತು ಸರಿ ಮಾಡಿದೆ. ಹಿಡಿದಿದ್ದು ಒಂದು ಗಂಟೆ. ಬರೀ ಒಂದು ಗಂಟೆ! ನೀವೂ ನೀವೇ ಮಾಡಿ, ಪ್ರಿಂಟ್ ತೆಗೆದು ಒಂದೊಂದೇ ಸಾಲು ಓದಿ. ಯಾರಾದರೂ ಸುಮ್ನೆ ಬಾದಾಮಿ ಹಾಲು ಕೊಟ್ಟರೆ ಎದ್ದು ಬನ್ನಿ.

ಮೂರು ಸಾವಿರ ಇನ್ನೂ ಬಂದಿಲ್ಲ. ಅಪ್ಪ ಬೈಯಲಿಲ್ಲ. ದಿನಾ ರಾತ್ರಿ ಊಟ ಆದಮೇಲೆ 'ಬಾದಾಮಿ ಹಾಲು ಬೇಕಾ ಮಗಳೇ' ಅಂತ ಕೇಳ್ತಾರೆ, ಅಷ್ಟೇ.