ಬೆನ್ನುಹುರಿಗೆ ಪೆಟ್ಟಾದ ಮೇಲೆ: ಪುನಶ್ಚೇತನ ಕೇಂದ್ರವೋ, ಹುಬ್ಬಳ್ಳಿಯ ಆಸ್ಪತ್ರೆಯೋ, ಮನೆಯ ಆರೈಕೆಯೋ?

ಕಾಲುಗಳ ಸ್ವಾಧೀನ ಕಳೆದುಕೊಂಡ ತಮ್ಮನನ್ನು ಬೆಂಗಳೂರಿನ ಪುನಶ್ಚೇತನ ಕೇಂದ್ರದಲ್ಲಿ ಇರಿಸಬೇಕೇ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿರಬೇಕೇ, ಅಥವಾ ಮನೆಗೇ ಫಿಸಿಯೋಥೆರಪಿಸ್ಟರನ್ನು ಕರೆಸಬೇಕೇ ಎಂದು ಗದಗಿನ ಓದುಗರೊಬ್ಬರು ಕೇಳಿದ್ದಾರೆ.

ಕಲಿಕೆಯ ದೃಷ್ಟಿಯಿಂದ ಕೇಂದ್ರದ ವಾಸವೇ ಮೇಲು. 4ರಿಂದ 6 ಗಂಟೆಗೊಮ್ಮೆ ತಾನೇ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಜರುಗುವುದು, ಕುಳಿತಲ್ಲೇ ಆಗಾಗ ಮೈ ಎತ್ತಿ ಚರ್ಮದ ಮೇಲಿನ ಒತ್ತಡ ಇಳಿಸುವುದು ವಾರಕ್ಕೊಂದು ಭೇಟಿಯಲ್ಲಿ ರೂಢಿಯಾಗುವಂಥವಲ್ಲ. ಅದೇ ಸ್ಥಿತಿಯಲ್ಲಿರುವ ಇತರರನ್ನು ಕಂಡು ಹುಟ್ಟುವ ಧೈರ್ಯವೂ ನನ್ನ ಮಟ್ಟಿಗೆ ಚಿಕಿತ್ಸೆಯ ಭಾಗವೇ. ಆದರೆ ಜೊತೆಗಿರುವವರ ದುಡಿಮೆ ಅಷ್ಟು ದಿನ ನಿಲ್ಲುತ್ತದೆ.

ಖರ್ಚಿನಲ್ಲಿ ಸರ್ಕಾರಿ ಆಸ್ಪತ್ರೆ ಹಗುರ. ಆದರೂ ಸುಮಾರು 60 ಕಿ.ಮೀ. ದಾರಿಯನ್ನು ಸರಿಯಾದ ಕುಶನ್ ಇಲ್ಲದೆ ಕುಳಿತು ಸವೆಸಿದರೆ, ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣಾಗುವ ಅಪಾಯವಿದೆ.

ಮನೆಯ ಆರೈಕೆ ಸುಲಭ. ರಾತ್ರಿಯೂ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಇರಬೇಕು, ಅಷ್ಟೇ.

ಪೆಟ್ಟು ಹೊಸದಾಗಿದ್ದು ದೇಹಸ್ಥಿತಿ ಸ್ಥಿರವಾಗಿದ್ದರೆ ಮೊದಲು ಕೇಂದ್ರಕ್ಕೆ ಹೋಗುವುದು ಒಳಿತು. ದಿನಚರಿ ಆಗಲೇ ರೂಢಿಯಾಗಿದ್ದವರಿಗೆ ಮನೆಯೇ ಸಾಕು, ಮೂತ್ರಪಿಂಡದ ತಪಾಸಣೆಗೆ ಮಾತ್ರ ಹುಬ್ಬಳ್ಳಿಗೆ ಬಂದು ಹೋಗಬಹುದು. ಹುಣ್ಣು ಅಥವಾ ಜ್ವರವಿದ್ದರೆ ಮಿಕ್ಕೆಲ್ಲಕ್ಕೂ ಮೊದಲು ಆಸ್ಪತ್ರೆ.