ಮನೆಯಲ್ಲಿ ಮಾಡಿದ ಕಾರ್ಬನ್ ಸೀಟಿಗೆ ಬೆನ್ನು ಕೊಡುವ ಮುಂಚೆ ಇದನ್ನು ಓದಿ

ಕಳೆದ ಮಾರ್ಚಿನಲ್ಲಿ ಒಂದು ಭಾನುವಾರ ಬೆಳಗ್ಗೆ ಬೆಳಗಾವಿ ಹತ್ತಿರದ ಯಳ್ಳೂರಿನ ರಾಜಹಂಸಗಡದ ಗುಡ್ಡದಿಂದ ಇಳಿಯುತ್ತಿದ್ದಾಗ ನನ್ನ ಸೈಕಲ್ಲಿನ ಸೀಟು ಮುರಿಯಿತು. ಸೀಟು ಅಂದರೆ ಎಲ್ಲರ ಸೈಕಲ್ಲಿನಲ್ಲಿ ಇರುವಂಥ ಸಣ್ಣ ಸೀಟಲ್ಲ. ನನ್ನದು ರೆಕಂಬೆಂಟ್, ಅಂದರೆ ಹಿಂದೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್. ಸೊಂಟದಿಂದ ಹೆಗಲಿನ ತನಕ ಇಡೀ ಬೆನ್ನು ಸೀಟಿನ ಮೇಲೇ ಇರುತ್ತದೆ. ಆ ಸೀಟನ್ನು ಕಾರ್ಬನ್ ಫೈಬರಿನಲ್ಲಿ ನಾನೇ ಮನೆಯಲ್ಲಿ ಮಾಡಿದ್ದೆ.

ಕಾಲರ್ ಬೋನ್ ಮುರಿಯಿತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಬೆನ್ನಿಗೆ ಹೊಕ್ಕ ಕಾರ್ಬನ್ ಸಿಬಿರುಗಳು. ಕೂದಲಿಗಿಂತ ಸಣ್ಣವು. ಎಕ್ಸ್-ರೇಯಲ್ಲಿ ಕಾಣಲಿಲ್ಲ. ಡಾಕ್ಟರು ಭೂತಗನ್ನಡಿ ಹಿಡಿದು ಒಂದೊಂದಾಗಿ ಕಿತ್ತರು.

ಇದನ್ನು ಬರೆಯಲು ಕಾರಣವಿದೆ. ಪರಿಚಯದ ಇಬ್ಬರು ಹುಡುಗರು ಫೋನ್ ಮಾಡಿ "ಸರ್, ನಿಮ್ಮ ಸೀಟಿನ ಅಚ್ಚು ಕೊಡ್ತೀರೇನ್ರಿ?" ಎಂದು ಕೇಳಿದರು. ಒಬ್ಬ ಆಗಲೇ ಕಾರ್ಬನ್ ಬಟ್ಟೆ ತರಿಸಿಕೊಂಡಿದ್ದಾನೆ. ಅಚ್ಚು ಕೊಡಲಿಲ್ಲ. ಅದರ ಬದಲು ನಡೆದದ್ದನ್ನೆಲ್ಲ ಇಲ್ಲಿ ಹೇಳುತ್ತಿದ್ದೇನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಪ್ಯಾಟರ್ನ್ ಕೆಲಸ ಮಾಡುವವನು. ಫೌಂಡ್ರಿಗೆ ಬೇಕಾದ ಮರದ ಅಚ್ಚುಗಳನ್ನು ಕೊರೆಯುತ್ತಾ 19 ವರ್ಷ ಆಯಿತು. ಸೊಂಟದ ಡಿಸ್ಕ್ ತೊಂದರೆ ಬಂದ ಮೇಲೆ ಬಗ್ಗಿ ಸೈಕಲ್ ತುಳಿಯುವುದು ಆಗಲಿಲ್ಲ. ಸೈಕಲ್ ಬಿಡಲು ಮನಸ್ಸೂ ಬರಲಿಲ್ಲ. ಹಾಗಾಗಿ ಸ್ಟೀಲ್ ಪೈಪಿನಲ್ಲಿ ರೆಕಂಬೆಂಟ್ ಮಾಡಿಕೊಂಡೆ. ಈ ಸೈಕಲ್ಲಿಗೆ ಬಿಡಿಭಾಗ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಹಳೆಯದೊಂದು ಕಾರಣವೂ ಇದೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಇಂಥದ್ದೇ ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿ ದಾಖಲೆ ಮುರಿದ. ಮರುವರ್ಷವೇ ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಯುಸಿಐ ಇವುಗಳನ್ನು ತನ್ನ ರೇಸುಗಳಿಂದ ಹೊರಗೆ ಹಾಕಿತು. ರೇಸ್ ಇಲ್ಲದ ಸೈಕಲ್ಲಿಗೆ ದೊಡ್ಡ ಕಂಪನಿಗಳು ಯಾಕೆ ಸಾಮಾನು ಮಾಡುತ್ತವೆ? ಹಾಗಾಗಿ ಓಡಿಸುವವರೇ ಮಾಡಿಕೊಳ್ಳುವುದು ಇದರಲ್ಲಿ ರೂಢಿ. ಅದೇನೂ ತಪ್ಪಲ್ಲ. ಯಾವ ಭಾಗವನ್ನು, ಹೇಗೆ ಮಾಡುತ್ತೇವೆ ಅನ್ನೋದೇ ಮುಖ್ಯ.

ಮೊದಲಿದ್ದ ಪ್ಲೈವುಡ್ ಸೀಟು ಎರಡು ಕಿಲೋ ಮೇಲಿತ್ತು. ಕಾರ್ಬನ್ನಿನಲ್ಲಿ ಒಂದು ಕಿಲೋ ಒಳಗೆ ಆಗುತ್ತದೆ ಅನ್ನುವುದೇ ಆಸೆ. ನನ್ನ ಬೆನ್ನಿನ ಅಳತೆಗೆ ಥರ್ಮಕೋಲಿನಲ್ಲಿ ಅಚ್ಚು ಕೊರೆದೆ. ಪರಿಚಯದ ಫೈಬರ್ ಕೆಲಸದವರೊಬ್ಬರು ತಮ್ಮಲ್ಲಿದ್ದ ಪಾಲಿಯೆಸ್ಟರ್ ರೆಸಿನ್ ಕೊಟ್ಟರು. ರೆಸಿನ್ ಅಂದರೆ ಬಟ್ಟೆಯ ಪದರಗಳನ್ನು ಅಂಟಿಸಿ ಗಟ್ಟಿಯಾಗುವ ದ್ರವ. ಹಚ್ಚಿದ ಐದು ನಿಮಿಷಕ್ಕೆ ಥರ್ಮಕೋಲ್ ಕರಗಿ ಗುಳಿ ಬಿತ್ತು. ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಥರ್ಮಕೋಲನ್ನು ತಿಂದುಹಾಕುತ್ತದೆ, ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ತಿನ್ನುವುದಿಲ್ಲ. ಕಾರ್ಬನ್ನಿಗೂ ಎಪಾಕ್ಸಿಯೇ ಚೆನ್ನಾಗಿ ಅಂಟುವುದು. ಸರಿ ಅಂತ ಮರದಲ್ಲೇ ಹೊಸ ಅಚ್ಚು ಮಾಡಿ, ವ್ಯಾಕ್ಸ್ ಉಜ್ಜಿ, ಎಪಾಕ್ಸಿ ತರಿಸಿದೆ.

ಆಗ ಜುಲೈ. ಬೆಳಗಾವಿಯ ಜುಲೈ ಹೇಗಿರುತ್ತದೆ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ. ಮೊದಲ ದಿನ ಚದರ ಮೀಟರಿಗೆ 200 ಗ್ರಾಂ ತೂಗುವ ಕಾರ್ಬನ್ ಬಟ್ಟೆಯ ನಾಲ್ಕು ಪದರ ಹಾಕಿದೆ. ಕತ್ತಲಾಯಿತು. ಉಳಿದ ನಾಲ್ಕನ್ನು ಮರುದಿನ ಹಾಕಿದೆ. ಬೆಳಗ್ಗೆ ಮುಟ್ಟಿದಾಗ ಮೇಲ್ಮೈ ಸ್ವಲ್ಪ ಜಿಡ್ಡು ಜಿಡ್ಡಾಗಿತ್ತು, ಮೇಣ ಸವರಿದ ಹಾಗೆ. ಮಳೆಯ ತಂಪಿಗೆ ಹೀಗಾಗಿದೆ ಅಂದುಕೊಂಡು ಅದರ ಮೇಲೆಯೇ ರೆಸಿನ್ ಬಳಿದೆ.

ಇದೇ ನನ್ನ ದೊಡ್ಡ ತಪ್ಪು. ಹವೆಯಲ್ಲಿ ತೇವ ಜಾಸ್ತಿ ಇದ್ದಾಗ ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಆ ತೇವದ ಜೊತೆ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಮೇಲೆ ಇಂಥ ಜಿಡ್ಡಿನ ಪೊರೆ ಕಟ್ಟುತ್ತದೆ. ಅದರ ಮೇಲೆ ಏನು ಹಚ್ಚಿದರೂ ಕಚ್ಚಿಕೊಳ್ಳುವುದಿಲ್ಲ. ಬಿಸಿನೀರಲ್ಲಿ ತೊಳೆದು, ಒರೆಸಿ, ಸ್ಯಾಂಡ್ ಪೇಪರ್ ಉಜ್ಜಿ ಒರಟು ಮಾಡಿದ ಮೇಲೆಯೇ ಮುಂದಿನ ಪದರ ಹಾಕಬೇಕು. ತೊಳೆಯದೆ ಉಜ್ಜಿದರೂ ಕೆಲಸಕ್ಕೆ ಬರುವುದಿಲ್ಲ, ಜಿಡ್ಡು ಒಳಗೇ ಹರಡುತ್ತದೆ.

ಇನ್ನೊಂದು ತಪ್ಪು ತೂಕದ್ದು. ನನ್ನ ರೆಸಿನ್ನಿಗೆ 100 ಗ್ರಾಮಿಗೆ 10 ಗ್ರಾಂ ಹಾರ್ಡನರ್. ಕಲಸಿದ ಡಬ್ಬಿಯಲ್ಲೇ ಬೇಗ ಗಟ್ಟಿಯಾಗದಿರಲಿ ಅಂತ ಒಂದು ಸಲಕ್ಕೆ 40 ಗ್ರಾಂ ರೆಸಿನ್ ಮಾತ್ರ ಕಲಸುತ್ತಿದ್ದೆ. ಅಂದರೆ ಹಾರ್ಡನರ್ ಬರೀ 4 ಗ್ರಾಂ. ನನ್ನ ಹತ್ತಿರ ಇದ್ದದ್ದು ಅಡುಗೆಮನೆಯ ತಕ್ಕಡಿ, ಅದು ತೋರಿಸುವುದು ಒಂದೊಂದೇ ಗ್ರಾಂ. ಒಂದು ಗ್ರಾಂ ಆಚೀಚೆ ಆದರೆ ಕಾಲು ಭಾಗ ಲೆಕ್ಕ ತಪ್ಪಿತು. ಸಾಲದ್ದಕ್ಕೆ, ಚಳಿ ಇದೆ, ಹಚ್ಚಿದ ಮೇಲೆ ಬೇಗ ಗಟ್ಟಿಯಾಗಲಿ ಅಂತ ಎರಡು ಹನಿ ಜಾಸ್ತಿಯೇ ಹಾಕಿದೆ. ಪಾಲಿಯೆಸ್ಟರಿನಲ್ಲಿ ಕ್ಯಾಟಲಿಸ್ಟ್ ಸ್ವಲ್ಪ ಹೆಚ್ಚಿಸಿದರೆ ಬೇಗ ಸೆಟ್ ಆಗುತ್ತದೆ. ಎಪಾಕ್ಸಿ ಹಾಗಲ್ಲ. ಹಾರ್ಡನರ್ ಹೆಚ್ಚಾದರೆ ಜೊತೆ ಸಿಗದೆ ಉಳಿದದ್ದು ಒಳಗೇ ಕೂತು ಇಡೀ ಭಾಗವನ್ನು ಮೆತ್ತಗೆ ಮಾಡುತ್ತದೆ.

ಅಚ್ಚಿನಿಂದ ಬಿಡಿಸಿದಾಗ ಸೀಟು ಕನ್ನಡಿ ಹಾಗಿತ್ತು. ಹೆಣಿಗೆ ಎಷ್ಟು ಚಂದ ಕಾಣುತ್ತಿತ್ತು ಅಂದರೆ, ಶಾಪಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಬಂದು ನೋಡಿದರು. ನಮ್ಮ ಹಿರಿಯ ಮೇಸ್ತ್ರಿ ಕಾಕಾ ಮಾತ್ರ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ತಮ್ಮಾ, ಒಳಗ ಏನೈತಿ ಅಂತ ಹೆಂಗ ನೋಡತಿ?" ಅಂದರು. ಎರಕದಲ್ಲಿ ಗಾಳಿಗುಳ್ಳೆ ಇದೆಯಾ ಅಂತ ಒಡೆದು ನೋಡಿ ಕಲಿತವರು ಅವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತೇ ಆ ಮಾತಿಗೆ ನಿಲ್ಲಬೇಕಿತ್ತು.

ಅಂಚು ಕತ್ತರಿಸಿದ್ದು ಮನೆಯ ಪಡಸಾಲೆಯಲ್ಲಿ, ಹ್ಯಾಂಡ್ ಗ್ರೈಂಡರಿನಿಂದ. ಕರಿ ಪುಡಿ ಹಾರಿ, ಒಣಗಲು ಹಾಕಿದ್ದ ಮಗಳ ಯೂನಿಫಾರ್ಮ್ ಮೇಲೆ ಕೂತಿತು. ಎರಡು ದಿನ ಆ ಕೂಸು ಕೊರಳು, ಕಂಕುಳು ಕೆರೆದುಕೊಂಡು ಅತ್ತಿತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಮಾಸ್ಕ್ ಹಾಕಿಕೊಂಡು, ನೀರು ಬಿಡುತ್ತಾ, ಮನೆಯಿಂದ ದೂರ ಹೋಗಿ ಕತ್ತರಿಸಿ. ಈ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಸ್ವಿಚ್ ಬೋರ್ಡು, ಮೋಟಾರುಗಳ ಹತ್ತಿರವೂ ಬೇಡ.

ಆಮೇಲೆ 8 ಎಂಎಂ ಡ್ರಿಲ್ಲಿನಿಂದ ನಾಲ್ಕು ತೂತು ಹೊಡೆದು, ಅಲ್ಯುಮಿನಿಯಂ ಬ್ರಾಕೆಟ್ಟಿಗೆ ನೇರ ಬೋಲ್ಟ್ ಮಾಡಿದೆ. ಎಂಟು ತಿಂಗಳು ಓಡಿಸಿದೆ. ಆ ಎಂಟು ತಿಂಗಳಲ್ಲಿ ಸೀಟು ಎರಡು ಸಲ ಸೂಚನೆ ಕೊಟ್ಟಿತ್ತು, ನನಗೆ ತಿಳಿಯಲಿಲ್ಲ. ಫೆಬ್ರವರಿ ಹೊತ್ತಿಗೆ ಬೋಲ್ಟಿನ ವಾಷರುಗಳು ಸೀಟಿನೊಳಗೆ ಅರ್ಧ ಮಿಲಿಮೀಟರಿನಷ್ಟು ಇಳಿದಿದ್ದವು. ಬೋಲ್ಟ್ ಸಡಿಲ ಆಗಿದೆ ಅಂತ ಸುಮ್ನೆ ಬಿಗಿ ಮಾಡಿದೆ. ನಿಜ ಸಂಗತಿ ಬೇರೆಯೇ. ಬಿಸಿ ಕೊಡದೆ ಬರೀ ಮನೆಯ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಕರಿ ಸೀಟನ್ನು ದಿನಾ ಬಿಸಿಲಲ್ಲಿ ಫ್ಯಾಕ್ಟರಿ ಮುಂದೆ ನಿಲ್ಲಿಸಿದರೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ಬೆಳಗಾವಿಯಲ್ಲೇ ಹೀಗಾದರೆ ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಏನಾದೀತು ಯೋಚಿಸಿ.

ಎರಡನೆಯ ಸೂಚನೆ ಸದ್ದು. ಆ ಭಾನುವಾರ ಗಡದ ಏರು ಹತ್ತುವಾಗ ಪ್ರತಿ ತುಳಿತಕ್ಕೂ "ಟಿಕ್" ಅನ್ನುತ್ತಿತ್ತು. ಚೈನಿನ ಗಾಲಿ ಸದ್ದು ಅಂದುಕೊಂಡೆ. ರೆಕಂಬೆಂಟಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಏರಿನಲ್ಲಿ ಪೆಡಲ್ ಒತ್ತಿದ ಬಲವೆಲ್ಲ ಬೆನ್ನಿನ ಮೂಲಕ ಸೀಟಿಗೆ ಹೋಗುತ್ತದೆ. ಸೀಟು ಹೊರುವುದು ನಮ್ಮ ಮೈಭಾರ ಮಾತ್ರ ಅಲ್ಲ, ಕಾಲಿನ ಒತ್ತನ್ನೂ ಹೊರಬೇಕು. ಪದರಗಳು ಬಿಟ್ಟುಕೊಂಡದ್ದು ಏರಿನಲ್ಲಿ. ಇಳಿಯುವಾಗ ಒಂದು ಗುಂಡಿಗೆ ಗಾಲಿ ಬಿತ್ತು, ಬೆನ್ನಿನ ಆಸರೆ ಒಮ್ಮೆಲೇ ಹೋಯಿತು. ಹಿಂದಕ್ಕೆ ವಾಲಿದೆ, ಕೈಯಲ್ಲಿದ್ದ ಹ್ಯಾಂಡಲ್ ಜೊತೆಗೇ ಎಳೆದುಕೊಂಡಿತು. ಸ್ಟೀಲ್ ಆಗಿದ್ದರೆ ಮೊದಲು ಬಗ್ಗುತ್ತಿತ್ತು. ಕಾರ್ಬನ್ ಬಗ್ಗಿ ತೋರಿಸುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮುರಿದ ತುಂಡನ್ನು ಕಾಕಾ ಮುಂದೆ ಇಟ್ಟೆ. ಇಬ್ಬರೂ ಬೆಳಕಿಗೆ ಹಿಡಿದು ನೋಡಿದೆವು. ನಾಲ್ಕನೇ ಪದರ, ಐದನೇ ಪದರ ಪುಸ್ತಕದ ಹಾಳೆ ಬಿಡಿಸಿದ ಹಾಗೆ ಬೇರೆಯಾಗಿದ್ದವು. ನಡುವಿನ ಮೈ ನುಣ್ಣಗೆ ಹೊಳೆಯುತ್ತಿತ್ತು. ಒಂದು ಎಳೆಯೂ ಹರಿದಿರಲಿಲ್ಲ. ಅಂಟಿದ್ದರೆ ತಾನೇ ಹರಿಯುವುದು. ಬಿರುಕು ಶುರುವಾದದ್ದು ಡ್ರಿಲ್ ತೂತಿನಿಂದ, ಅಲ್ಲಿ ಎಳೆಗಳು ಕತ್ತರಿಸಿ ಕೆದರಿಹೋಗಿದ್ದವು. ಬ್ರಾಕೆಟ್ ತೆಗೆದರೆ ಅದರಡಿ ಬಿಳಿ ಪುಡಿ. ಕಾರ್ಬನ್ನಿಗೆ ಅಲ್ಯುಮಿನಿಯಂ ತಾಗಿ, ಬೆವರೋ ಮಳೆನೀರೋ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ನಡುವೆ ಒಂದು ಪದರ ಗ್ಲಾಸ್ ಬಟ್ಟೆ ಹಾಕಿದ್ದರೆ ತಪ್ಪುತ್ತಿತ್ತು.

ಕಾರ್ಬನ್ ಕೆಲಸ ಕಲಿಯಬೇಕು ಅನ್ನುವ ಹುಡುಗರಿಗೆ ಬೇಡ ಅನ್ನುವುದಿಲ್ಲ. ಮಡ್ ಗಾರ್ಡ್ ಮಾಡಿ, ಸೀಟಿನ ಹಿಂದಿನ ಸಾಮಾನಿನ ಡಬ್ಬಿ ಮಾಡಿ. ಮುರಿದರೆ ಡಬ್ಬಿ ಹೋಗುತ್ತದೆ ಅಷ್ಟೇ. ಸೀಟು, ಪೆಡಲ್ ಹೊರುವ ಮುಂದಿನ ಬೂಮ್, ಹ್ಯಾಂಡಲ್, ಫೋರ್ಕ್ ಇವನ್ನು ಮನೆಯಲ್ಲಿ ಮಾಡಬೇಡಿ. ದಯವಿಟ್ಟು.

ನಾನೀಗ ಸ್ಟೀಲ್ ಪೈಪಿನ ಚೌಕಟ್ಟಿಗೆ ಮಂಚದ ನವಾರ ಪಟ್ಟಿ ಬಿಗಿದು ಓಡಿಸುತ್ತಿದ್ದೇನೆ. ತೂಕ ಜಾಸ್ತಿ, ಆದರೆ ಬೆನ್ನಿಗೆ ಗಾಳಿ ಆಡುತ್ತದೆ. ಪಟ್ಟಿ ಸವೆದರೆ ಕಣ್ಣಿಗೆ ಕಾಣುತ್ತದೆ.

ಆಗಲೇ ಮನೆಯಲ್ಲಿ ಮಾಡಿದ ಕಾರ್ಬನ್ ಸೀಟಿನ ಮೇಲೆ ಓಡಾಡುತ್ತಿರುವವರು ಇವತ್ತೇ ಅದನ್ನು ಬಿಚ್ಚಿ. ಹತ್ತು ರೂಪಾಯಿ ನಾಣ್ಯದಿಂದ ಇಂಚಿಂಚೂ ತಟ್ಟಿ, ಬೋಲ್ಟಿನ ಸುತ್ತ ಜಾಸ್ತಿ ಹೊತ್ತು ತಟ್ಟಿ. ಒಂದೇ ದಪ್ಪ ಇರುವ ಕಡೆ ಎಲ್ಲವೂ "ಟಣ್" ಅನ್ನಬೇಕು. ಎಲ್ಲೋ ಒಂದು ಕಡೆ "ಡಬ್" ಅಂದರೆ ಅಲ್ಲಿ ಪದರ ಬಿಟ್ಟಿದೆ. ವಾಷರ್ ಇಳಿದಿದೆಯಾ, ಬ್ರಾಕೆಟ್ ಅಡಿ ಬಿಳಿ ಪುಡಿ ಇದೆಯಾ ನೋಡಿ. ಇದರಲ್ಲಿ ಒಂದೇ ಕಂಡರೂ ಮತ್ತೆ ಹತ್ತಬೇಡಿ, ಮೇಲೊಂದು ಪದರ ಹಚ್ಚಿ ರಿಪೇರಿ ಮಾಡಲೂ ಹೋಗಬೇಡಿ. ನನ್ನ ಮುರಿದ ತುಂಡು ಉದ್ಯಮಬಾಗದ ಶಾಪಿನಲ್ಲಿ ಕಾಕಾ ಅವರ ಮೇಜಿನ ಪಕ್ಕ ತೂಗುಹಾಕಿದ್ದೇವೆ. ಬಂದು ಕೈಯಲ್ಲಿ ಹಿಡಿದು ನೋಡಬಹುದು, ಅಂಚು ಮುಟ್ಟುವಾಗ ಮಾತ್ರ ಗ್ಲೌಸ್ ಹಾಕಿಕೊಳ್ಳಿ.