ಡಿಆಕ್ಸಿಟ್ ಡಿ5: ಮದ್ದೇನೋ ಹೌದು, ಎಲ್ಲ ಗರಗರಕ್ಕಲ್ಲ

ಎಪ್ಪತ್ತರ ದಶಕದ ಸ್ಟೀರಿಯೊ ರಿಸೀವರ್ (ರೇಡಿಯೊ, ಆಂಪ್ಲಿಫೈಯರ್ ಎರಡೂ ಇರುವ ಪೆಟ್ಟಿಗೆ) ಕೈಗೆ ಬಂದರೆ ಮೊದಲು ಬೇಕಾದದ್ದು ಸೋಲ್ಡರಿಂಗ್ ಐರನ್ ಅಲ್ಲ, ಒಳ್ಳೆಯ ಕಾಂಟ್ಯಾಕ್ಟ್ ಕ್ಲೀನರ್, ಅಂದರೆ ಸ್ವಿಚ್ಚುಗಳೊಳಗಿನ ಲೋಹದ ಸಂಪರ್ಕಗಳ ಕೊಳೆ ತೊಳೆಯುವ ಸ್ಪ್ರೇ. ಕೇಗ್ ಕಂಪನಿಯ ಡಿಆಕ್ಸಿಟ್ ಡಿ5ಗೆ ಆ ಕೆಲಸದಲ್ಲಿ ಹೆಸರಿದೆ. 142 ಗ್ರಾಂ ಕ್ಯಾನಿನಲ್ಲಿ ಅಸಲಿ ಮದ್ದು ಶೇ. 5 ಮಾತ್ರ, ಉಳಿದದ್ದು ಕೊಳೆ ತೊಳೆದು ಆರಿಹೋಗುವ ದ್ರಾವಕ ಮತ್ತು ಅದನ್ನು ಹೊರಗೆ ತಳ್ಳುವ ಅನಿಲ. ದುಬಾರಿಯೇ, ಆದರೆ ಒಂದು ಸ್ವಿಚ್ಚಿಗೆ ಅರೆಕ್ಷಣದ ಚಿಮುಕು ಸಾಕು, ಕ್ಯಾನ್ ಬಹಳ ಕಾಲ ಬರುತ್ತದೆ. ಡಬ್ಲ್ಯುಡಿ-40 ಇದೆಯಲ್ಲ ಅನ್ನುವವರು ಅದನ್ನು ಬಾಗಿಲ ಕೀಲಿಗೇ ಇಟ್ಟುಕೊಳ್ಳಲಿ.

ಇದು ನಿಜಕ್ಕೂ ಗೆಲ್ಲುವುದು ಸ್ವಿಚ್ಚುಗಳಲ್ಲಿ. ಒಂದು ಚಾನೆಲ್ ಸತ್ತಿದ್ದರೆ ಸೆಟ್ ಆಫ್ ಮಾಡಿ ಸ್ಪೀಕರ್ ತಂತಿಗಳನ್ನು ಎಡಬಲ ಅದಲುಬದಲು ಮಾಡಿ. ಮೌನ ಅದೇ ಸ್ಪೀಕರಿನಲ್ಲಿ ಉಳಿದರೆ ತೊಂದರೆ ಸ್ಪೀಕರಿನದು. ಇನ್ನೊಂದಕ್ಕೆ ದಾಟಿದರೆ ರಿಸೀವರಿನದು. ಆಗ ಟೇಪ್ ಮಾನಿಟರ್ ಗುಂಡಿಯನ್ನು (ಟೇಪ್ ರೆಕಾರ್ಡರಿನ ಸದ್ದು ಆರಿಸುವ ಸ್ವಿಚ್ಚು) ನಾಲ್ಕಾರು ಸಲ ಒತ್ತಿ ನೋಡಿ. ಸದ್ದು ಬಂದುಹೋಗಿ ಮಾಡಿದರೆ ಒಳಗಿನ ಬೆಳ್ಳಿ ಲೇಪದ ಕಾಂಟ್ಯಾಕ್ಟ್ ಕಪ್ಪಗಾಗಿದೆ ಎಂದೇ ಅರ್ಥ. ಅಲ್ಲಿ ಡಿ5 ಬಲು ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಡೆಯುವ ಜಾಗವೇ ಮುಖ್ಯ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರುಗಳು ಖಾಲಿಯಾಗಿವೆಯೇ ಎಂದು ಮೀಟರಿನಲ್ಲಿ ನೋಡಿ. ಮುಂದಿನಿಂದ ನಾಬ್ ಕಡ್ಡಿಯ ಸುತ್ತ ಹೊಡೆದರೆ ಬೇರಿಂಗ್ ಗ್ರೀಸ್ ಕರಗುತ್ತದೆಯೇ ಹೊರತು ಕಾಂಟ್ಯಾಕ್ಟಿಗೆ ಏನೂ ತಲುಪುವುದಿಲ್ಲ. ಕ್ಯಾನಿನ ಕೊಳವೆಯ ತುದಿಯನ್ನು ಸ್ವಿಚ್ಚಿನ ಲೋಹದ ಕಾಲುಗಳು ಒಳಹೋಗುವ ಸಂದಿಗೇ ಇಟ್ಟು ಚಿಮುಕಿಸಿ, ಸ್ವಿಚ್ಚನ್ನು ಇಪ್ಪತ್ತು ಮೂವತ್ತು ಸಲ ಆಡಿಸಿ. ದ್ರಾವಕಕ್ಕೆ ಬೆಂಕಿ ಹೊತ್ತಿಕೊಳ್ಳುವ ಗುಣವಿದೆ, ಪೂರ್ತಿ ಆರುವ ತನಕ ಕರೆಂಟ್ ಕೊಡಬೇಡಿ. ಟ್ಯೂನರಿನಲ್ಲಿ ಸ್ಟೇಷನ್ ಹುಡುಕಲು ತಿರುಗುವ ಗ್ಯಾಂಗ್ ಕೆಪಾಸಿಟರ್ ಹಾಳೆಗಳ ನಡುವೆ, ಡಯಲ್ ದಾರದ ಮೇಲೆ ಒಂದು ಹನಿಯೂ ಬೀಳಬಾರದು. ಟ್ಯೂನಿಂಗ್ ಕದಲುತ್ತದೆ, ದಾರ ಜಾರುತ್ತದೆ.

ವಾಲ್ಯೂಮ್ ಕಂಟ್ರೋಲಿನ ಕಾರ್ಬನ್ ಪಟ್ಟಿಗೆ ಇದೇ ಕಂಪನಿಯ ಎಫ್5 ಮೇಲು, ಅದರಲ್ಲಿ ಜಾರಿಕೆಯ ಎಣ್ಣೆಯಿದೆ. ಆದರೆ ತೊಳೆದ ವಾರದೊಳಗೆ ಗರಗರ ಮರಳಿದರೆ ಕ್ಯಾನ್ ಬದಿಗಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಕಂಟ್ರೋಲಿನ ನಡುಕಾಲಿಗೂ ಗ್ರೌಂಡಿಗೂ ನಡುವೆ ಡಿಸಿ ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ಮಿಲಿವೋಲ್ಟ್ ಕಂಡರೆ ಅದರ ಹಿಂದಿನ, ಸದ್ದನ್ನು ಬಿಟ್ಟು ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಸಾಮಾನ್ಯವಾಗಿ 1ರಿಂದ 4.7 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಇರುತ್ತದೆ. ಅಷ್ಟೇ ಮೈಕ್ರೊಫ್ಯಾರಡಿನ ಫಿಲ್ಮ್ ಕೆಪಾಸಿಟರ್ ಹಾಕಿ. ಎಷ್ಟು ತೊಳೆದರೂ ಈ ಸದ್ದು ಹೋಗುವುದಿಲ್ಲ.

ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಕೇಳುತ್ತಿದ್ದರೆ ತಪ್ಪು ವಾಲ್ಯೂಮಿನ ನಂತರದ ಹಂತದಲ್ಲಿದೆ. 2ಎಸ್‌ಎ726, 2ಎಸ್‌ಸಿ458 ಟ್ರಾನ್ಸಿಸ್ಟರುಗಳು ಇದಕ್ಕೆ ಕುಖ್ಯಾತ. ಬದಲಿಗೆ ಕೆಎಸ್‌ಎ992, ಕೆಎಸ್‌ಸಿ1845 ಹಾಕುವುದು ವಾಡಿಕೆ. ಕಾಲುಗಳ ಕ್ರಮ ಮಾತ್ರ ಡೇಟಾಶೀಟಿನಲ್ಲಿ ನೋಡಿಯೇ ಜೋಡಿಸಿ.

ಸಣ್ಣ ಸದ್ದಿನಲ್ಲಿ ಒಂದು ಚಾನೆಲ್ ಮಂಕಾಗಿ, ವಾಲ್ಯೂಮ್ ಏರಿಸಿದೊಡನೆ ಥಟ್ಟನೆ ಬಂದರೆ ಅನುಮಾನ ಪ್ರೊಟೆಕ್ಷನ್ ರಿಲೇ (ಸ್ಪೀಕರ್ ಕಾಪಾಡುವ, ತಾನೇ ಕೂಡಿಕೊಳ್ಳುವ ಸ್ವಿಚ್ಚು) ಮೇಲೆ. ಅದರ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿರುತ್ತದೆ. ಡಿ5 ಅಲ್ಲಿ ಕೆಲಕಾಲದ ಸಮಾಧಾನ ಅಷ್ಟೇ. ಅದೇ ಕಾಯಿಲ್ ವೋಲ್ಟೇಜಿನ ಹೊಸ ರಿಲೇ ಹಾಕಿಬಿಡಿ.

ರಿಲೇ ಕ್ಲಿಕ್ ಅನ್ನುವುದೇ ಇಲ್ಲವೆಂದರೆ ಸ್ಪ್ರೇ ಮುಟ್ಟಲೇಬೇಡಿ. ಸೆಟ್ಟಿಗೆ ಸರಣಿಯಲ್ಲಿ 60ರಿಂದ 100 ವಾಟಿನ ತಂತಿ ಬಲ್ಬ್ ಹಾಕಿ ಆನ್ ಮಾಡಿ, ಎಲ್ಇಡಿ ನಡೆಯದು. ಬೆಳಗಿ ಮಂಕಾದರೆ ಸರಿ. ಪ್ರಕಾಶ ಇಳಿಯದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಶಾರ್ಟ್ ಆಗಿರಬಹುದು. ಬಲ್ಬ್ ಮಂಕಾಗಿ ಶಾರ್ಟ್ ಇಲ್ಲವೆಂದು ಖಾತ್ರಿಯಾದ ಮೇಲೆ, ಬಲ್ಬ್ ತೆಗೆದು ಸೆಟ್ಟನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ, ರಿಲೇಗೆ ಮುಂಚಿನ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ: 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಸ್ಪೀಕರ್ ಆಮೇಲೆ.

ಕೊಳ್ಳುವುದಾದರೆ ಲೋ, ಮೀಡಿಯಂ, ಹೈ ಎಂದು ತಿರುಗಿಸುವ ವಾಲ್ವ್ ಇರುವ ಕ್ಯಾನನ್ನೇ ಕೊಳ್ಳಿ, ಲೋದಲ್ಲೇ ಇಡಿ. ಹೈನಲ್ಲಿ ಬೋರ್ಡು ತೊಯ್ಯುತ್ತದೆ, ಉಳಿದ ಎಣ್ಣೆಗೆ ಧೂಳು ಅಂಟುತ್ತದೆ.